ಕೀವಿನಾದಲ್ಲಿ ಸ್ನೋಮೊಬೈಲ್ ಹಾದಿ ಹದಕ್ಕೆ ಬರುವ ಬಗೆ

(ಮಿಷಿಗನ್ನಿನ ಉತ್ತರ ತುದಿಗೆ ಚಳಿಗಾಲದಲ್ಲಿ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ಓಡಿಸಲು ಹೋಗುವ ಕನ್ನಡಿಗರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹ ರೂಪ. ಸಾಮಾನ್ಯವಾಗಿ ಕೇಳಿಬರುವ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಡೆಟ್ರಾಯಿಟ್‌ನಿಂದ ಹೋಟನ್ ಊರಿಗೆ ಸುಮಾರು 550 ಮೈಲಿ. ಟ್ರೇಲರಿಗೆ ಗಾಡಿ ಏರಿಸಿ ಒಂಬತ್ತು ಹತ್ತು ಗಂಟೆ ಪ್ರಯಾಣ ಮಾಡುವ ಮೊದಲು ಹೆಚ್ಚಿನವರು ನೋಡುವುದು ಒಂದೇ ಅಂಕಿ: ನಿನ್ನೆ ರಾತ್ರಿ ಎಷ್ಟು ಅಂಗುಲ ಹಿಮ ಬಿತ್ತು? ಬಿದ್ದ ಹಿಮಕ್ಕೂ ಹಾದಿಯ ಹದಕ್ಕೂ ನೇರ ಲೆಕ್ಕವಿಲ್ಲ. ಎಂಟು ಅಂಗುಲ ಬಿದ್ದ ಮರುದಿನವೇ ಹಾದಿ ಬೆನ್ನು ಮುರಿಯುವಂತಿರಬಹುದು. ಐದು ದಿನ ಹನಿ ಹಿಮವೂ ಬೀಳದೆ ಹಾದಿ ನೆಲ ಸಾರಿಸಿದಷ್ಟು ನುಣುಪಾಗಿರಬಹುದು. ಹಾದಿಯ ಹಣೆಬರಹ ನಿಂತಿರುವುದು ಬೇರೆ ಮೂರು ಸಂಗತಿಗಳ ಮೇಲೆ. ಹಾದಿಯ ಹಿಮವನ್ನು ಸವರಿ ಒತ್ತುವ ಯಂತ್ರ, ಅಂದರೆ ಗ್ರೂಮರ್, ಎಷ್ಟು ಆಳಕ್ಕೆ ಕತ್ತರಿಸಿತು, ಆಗ ಚಳಿ ಎಷ್ಟಿತ್ತು, ಆಮೇಲೆ ಎಷ್ಟು ಹೊತ್ತು ಅದನ್ನು ಯಾರೂ ತುಳಿಯಲಿಲ್ಲ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮೊದಲು ಹಿಮ ಬರುವುದೆಲ್ಲಿಂದ ಅನ್ನುವುದನ್ನು ಬೇಗ ಮುಗಿಸೋಣ. ಕೀವಿನಾ ಪರ್ಯಾಯ ದ್ವೀಪ ಸುಪೀರಿಯರ್ ಸರೋವರದೊಳಕ್ಕೆ ಈಶಾನ್ಯ ದಿಕ್ಕಿಗೆ ಚಾಚಿಕೊಂಡಿದೆ. ಡಿಸೆಂಬರ್‌ನಲ್ಲೂ ಸರೋವರದ ಮೇಲ್ಮೈ ನೀರು ನಾಲ್ಕೈದು ಡಿಗ್ರಿ ಸೆಲ್ಸಿಯಸ್ಸಿನಷ್ಟು ಬೆಚ್ಚಗಿರುತ್ತದೆ. ಕೆನಡಾ ಕಡೆಯಿಂದ ಬೀಸುವ ವಾಯವ್ಯ ಗಾಳಿ, ಸುಮಾರು 5,000 ಅಡಿ ಎತ್ತರದಲ್ಲಿ, ಈ ನೀರಿಗಿಂತ 13 ಡಿಗ್ರಿಯಷ್ಟೋ ಅದಕ್ಕೂ ಹೆಚ್ಚೋ ತಣ್ಣಗಿದ್ದರೆ ಕೆಳಗಿನ ಗಾಳಿ ತೇವ ಹೀರಿಕೊಂಡು ಜೋರಾಗಿ ಮೇಲೇಳುತ್ತದೆ, ಮೋಡ ಕಟ್ಟುತ್ತದೆ, ದಡ ಮುಟ್ಟಿ ಗುಡ್ಡಸಾಲು ಹತ್ತುವಾಗ ಹಿಮ ಸುರಿಸುತ್ತದೆ. ಗುಡ್ಡ ಬಹಳ ಎತ್ತರವೇನಲ್ಲ. ಕಾಪರ್ ಹಾರ್ಬರ್ ಬಳಿಯ ಬ್ರಾಕ್‌ವೇ ಬೆಟ್ಟ ಸರೋವರದ ಮಟ್ಟದಿಂದ 700 ಅಡಿ ಚಿಲ್ಲರೆ. ಅಷ್ಟು ಸಾಕು. 1978–79ರ ಚಳಿಗಾಲದಲ್ಲಿ ಕೀವಿನಾ ಕೌಂಟಿಯಲ್ಲಿ 390.4 ಅಂಗುಲ, ಅಂದರೆ ಮೂವತ್ತೆರಡು ಅಡಿಗೂ ಮೇಲೆ ಹಿಮ ದಾಖಲಾಯಿತು. ಯುಎಸ್-41 ಹೆದ್ದಾರಿಯ ಬದಿಯಲ್ಲಿ ಅದನ್ನು ತೋರಿಸುವ ಎತ್ತರದ ಅಳತೆಗೋಲೊಂದನ್ನು ನಿಲ್ಲಿಸಿದ್ದಾರೆ. ಹೋದವರೆಲ್ಲ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಈ ಹಿಮ ಕಿರಿದಾದ ಪಟ್ಟಿಗಳಲ್ಲಿ ಬೀಳುತ್ತದೆ. ಗಾಳಿ ಸ್ವಲ್ಪ ತಿರುಗಿದರೂ ಒಂದೂರಿಗೆ ಹತ್ತು ಅಂಗುಲ, ಹತ್ತು ಮೈಲಿ ಆಚೆಯ ಊರಿಗೆ ಬರೀ ಬಿಸಿಲು. ಆದ್ದರಿಂದ "ಕೀವಿನಾದಲ್ಲಿ ಹಿಮ ಬಿದ್ದಿದೆ" ಅನ್ನುವ ಸುದ್ದಿ ನೀವು ಇಳಿಯುವ ಮೋಟೆಲಿನ ಹಿಂದಿನ ಹಾದಿಗೆ ಅನ್ವಯಿಸಲೇಬೇಕೆಂದಿಲ್ಲ. ಸರೋವರ ಹೆಪ್ಪುಗಟ್ಟುತ್ತಾ ಹೋದ ಹಾಗೆ ಈ ಪೂರೈಕೆಯೂ ಕಡಿಮೆಯಾಗುತ್ತದೆ. 2014ರ ಮಾರ್ಚ್ ಮೊದಲ ವಾರದಲ್ಲಿ ಐದೂ ಮಹಾಸರೋವರಗಳ ಒಟ್ಟು ಮೇಲ್ಮೈಯಲ್ಲಿ ಶೇ 92ಕ್ಕೂ ಹೆಚ್ಚು ಭಾಗ ಮಂಜುಗಡ್ಡೆಯಿಂದ ಮುಚ್ಚಿತ್ತು. 2023–24 ಅದಕ್ಕೆ ತದ್ವಿರುದ್ಧ. ಸರೋವರದ ನೀರೇನೋ ತೆರೆದೇ ಇತ್ತು, ಆದರೆ ಗಾಳಿಗೆ ಬೇಕಾದ ಚಳಿ ಇರಲಿಲ್ಲ. ಆ ಫೆಬ್ರುವರಿಯಲ್ಲಿ ಮಾರ್ಕೆಟ್ (Marquette) ಊರಿನ ಹೆಸರಾಂತ ನಾಯಿಬಂಡಿ ಓಟ ಯುಪಿ-200 ಕೂಡ ರದ್ದಾಯಿತು.

ಈಗ ಮುಖ್ಯವಾದ ಲೆಕ್ಕ. ಸರೋವರದಿಂದ ಬರುವ ಹಿಮ ಬಹಳ ಹಗುರ. ಮಾಮೂಲಿ ಹಿಮದಲ್ಲಿ ಹತ್ತು ಅಂಗುಲಕ್ಕೆ ಒಂದಂಗುಲ ನೀರು ಅಂತ ಹಿಡಿದರೆ ಇಲ್ಲಿ ಇಪ್ಪತ್ತು, ಒಮ್ಮೊಮ್ಮೆ ಮೂವತ್ತು ಅಂಗುಲಕ್ಕೆ ಒಂದಂಗುಲ. ಇಪ್ಪತ್ತರ ಲೆಕ್ಕದಲ್ಲಿ ಒಂದು ಘನ ಮೀಟರ್ ಹಿಮದ ತೂಕ 50 ಕಿಲೊ. ಚೆನ್ನಾಗಿ ಹದಗೊಂಡ ಹಾದಿಯಲ್ಲಿ ಅದೇ ಒಂದು ಘನ ಮೀಟರ್ ಸುಮಾರು 450–500 ಕಿಲೊ ತೂಗುತ್ತದೆ. ಅಂದರೆ ರಾತ್ರಿ ಒಂದಡಿ ಹಿಮ ಬಿದ್ದರೆ ಹಾದಿಗೆ ಸೇರುವುದು ಒಂದೂಕಾಲು ಅಂಗುಲ. ನೆಲದ ಕಲ್ಲು, ಬೇರು, ಕೊರಕಲು ಎಲ್ಲ ಮುಚ್ಚಿ ಆರೇಳು ಅಂಗುಲ ಗಟ್ಟಿ ತಳಪಾಯ ಆಗಬೇಕಾದರೆ ಇಂಥ ಒಂದಡಿ ಹಿಮ ಐದಾರು ಸಲ ಬೀಳಬೇಕು, ಪ್ರತಿ ಸಲವೂ ಅದನ್ನು ಒತ್ತಬೇಕು. "ಇಷ್ಟು ಹಿಮ ಬಿದ್ದಿದೆ, ಇನ್ನೂ ಯಾಕೆ ತೆರೆದಿಲ್ಲ?" ಎಂದು ಡಿಸೆಂಬರ್ ಮೊದಲ ವಾರ ಕೇಳುವವರಿಗೆ ಉತ್ತರ ಇದೇ.

ಮಿಷಿಗನ್ನಿನಲ್ಲಿ ಗುರುತು ಹಾಕಿದ ಹಾದಿಗಳು 6,000 ಮೈಲಿ ದಾಟುತ್ತವೆ. ಋತು ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ. ಹಣ ನಿಮ್ಮ ಟ್ರೇಲ್ ಪರ್ಮಿಟ್ ಮತ್ತು ಗಾಡಿಯ ನೋಂದಣಿಯಿಂದ ಬರುತ್ತದೆ. ನೈಸರ್ಗಿಕ ಸಂಪನ್ಮೂಲ ಇಲಾಖೆ ಅದನ್ನು ಸ್ಥಳೀಯ ಕ್ಲಬ್ಬುಗಳಿಗೆ ಅನುದಾನವಾಗಿ ಕೊಡುತ್ತದೆ. ಕ್ಲಬ್ಬಿನ ಚಾಲಕರು ರಾತ್ರಿ ಗ್ರೂಮರ್ ಓಡಿಸುತ್ತಾರೆ. ಹಾದಿಯ ಎಷ್ಟೋ ಭಾಗ ಖಾಸಗಿ ಜಮೀನಿನ ಮೇಲೆ, ಮರ ಕಡಿಯುವ ಕಂಪನಿಗಳ ಕಾಡಿನೊಳಗೆ ಹಾಯುತ್ತದೆ. ಮಾಲೀಕರು ಅನುಮತಿ ಕೊಟ್ಟಿರುವುದು ಆ ಹತ್ತು ಹನ್ನೆರಡು ಅಡಿ ಅಗಲಕ್ಕೆ ಮಾತ್ರ. ಬದಿಯ ನೆಡುತೋಪಿನೊಳಗೆ ಹೊಸ ಹಿಮ ಕಂಡು ನಾಲ್ಕು ಜನ ನುಗ್ಗಿದರೆ ಮುಂದಿನ ವರ್ಷ ಅಲ್ಲಿ ಹಾದಿಯೇ ಇರುವುದಿಲ್ಲ.

ಹಾದಿಯ ಕೆಲಸ ಶುರುವಾಗುವುದು ಹಿಮಕ್ಕಿಂತ ಮೊದಲು. ಶರತ್ಕಾಲದಲ್ಲಿ ಪೊದೆ ಸವರುವಾಗ ತಲೆಯ ಮೇಲೆ ಹನ್ನೆರಡು ಅಡಿಯಾದರೂ ಬಿಡಿಸಬೇಕು, ಯಾಕೆಂದರೆ ಹಿಮದ ಭಾರಕ್ಕೆ ಕೊಂಬೆ ಬಗ್ಗುತ್ತದೆ, ಕೆಳಗೆ ಹಾದಿಯೂ ಎರಡಡಿ ಏರುತ್ತದೆ. ಮೋರಿಗಳಲ್ಲಿ ಕಸ ತೆಗೆಯಬೇಕು, ಬೀವರ್ ಕಟ್ಟಿದ ಒಡ್ಡುಗಳನ್ನು ನೋಡಿಕೊಳ್ಳಬೇಕು. ಜೌಗು ನೆಲ ಎಲ್ಲಕ್ಕಿಂತ ತಕರಾರಿನದು. ನೆಲ ಹೆಪ್ಪುಗಟ್ಟುವ ಮೊದಲೇ ದಪ್ಪ ಹಿಮ ಬಿದ್ದರೆ ಅದು ನೆಲದ ಶಾಖ ಹೊರಹೋಗದಂತೆ ತಡೆಯುತ್ತದೆ, ಕೆಳಗೆ ಕೆಸರು ಜನವರಿಯವರೆಗೂ ಕೆಸರಾಗಿಯೇ ಉಳಿಯುತ್ತದೆ. ಹಾಗಾಗಿ ಮೊದಲ ನಾಲ್ಕಾರು ಅಂಗುಲ ಬಿದ್ದ ಕೂಡಲೇ ಹಗುರವಾದ ಗಾಡಿಯಲ್ಲಿ ರೋಲರ್ ಎಳೆದು ಜೌಗಿನ ಮೇಲಿನ ಹಿಮವನ್ನು ಒತ್ತುತ್ತಾರೆ. ಒತ್ತಿದ ಹಿಮದೊಳಗೆ ಗಾಳಿ ಕಡಿಮೆ, ಚಳಿ ಸಲೀಸಾಗಿ ಕೆಳಕ್ಕಿಳಿಯುತ್ತದೆ, ನೆಲ ಬೇಗ ಗಟ್ಟಿಯಾಗುತ್ತದೆ. ಆಮೇಲಷ್ಟೇ ಭಾರದ ಯಂತ್ರ. ಈ ಹಂತ ಬಿಟ್ಟು ಟನ್ನುಗಟ್ಟಲೆ ತೂಕದ ಟ್ರ್ಯಾಕ್ಟರ್ ಇಳಿಸಿದರೆ ಅದು ಹೂತುಹೋಗುತ್ತದೆ, ಅದನ್ನು ಎತ್ತಲು ಇನ್ನೊಂದು ಯಂತ್ರ ಬೇಕು, ಆ ಜಾಗದ ಗುಂಡಿ ಇಡೀ ಋತು ಕಾಡುತ್ತದೆ.

ಕೀವಿನಾದ ಪುಣ್ಯ ಅಂದರೆ ಅಲ್ಲಿ ಹಳೆಯ ತಾಮ್ರ ಗಣಿಗಳ ರೈಲು ದಾರಿಗಳಿವೆ. ಹೋಟನ್‌ನಿಂದ ದಕ್ಷಿಣಕ್ಕೆ ಮ್ಯಾಸ್ ಸಿಟಿ ಕಡೆಗೆ ಹೋಗುವ ಬಿಲ್ ನಿಕೋಲ್ಸ್ ಟ್ರೇಲ್ ಕಾಪರ್ ರೇಂಜ್ ರೈಲ್ವೆಯ ಹಳಿ ಕಿತ್ತ ದಾರಿ. ಏರು ಕಡಿಮೆ, ತಳ ಗಟ್ಟಿ, ನೀರು ಬಸಿದುಹೋಗುತ್ತದೆ. ಫೈರ್‌ಸ್ಟೀಲ್ ನದಿಯ ಎತ್ತರದ ಸೇತುವೆಗಳು ಈ ಹಾದಿಯಲ್ಲೇ ಸಿಗುತ್ತವೆ. ಹೋಟನ್–ಹ್ಯಾನ್‌ಕಾಕ್ ನಡುವಿನ ಲಿಫ್ಟ್ ಬ್ರಿಜ್ಜಿನದು ಇನ್ನೊಂದು ಚಂದ: ಚಳಿಗಾಲದಲ್ಲಿ ದೋಣಿಗಳಿಲ್ಲದ್ದರಿಂದ ಎತ್ತುವ ಭಾಗವನ್ನು ಪೂರ್ತಿ ಕೆಳಕ್ಕಿಳಿಸಿ, ಮೇಲಿನ ಅಂತಸ್ತಿನಲ್ಲಿ ಕಾರು, ಒಂದು ಕಾಲಕ್ಕೆ ರೈಲು ಓಡಿದ ಕೆಳಗಿನ ಅಂತಸ್ತಿನಲ್ಲಿ ಸ್ನೋಮೊಬೈಲ್ ಬಿಡುತ್ತಾರೆ.

ಹಾದಿ ಕೆಡುವುದು ಹೇಗೆ

ಕೆಡುವುದಕ್ಕೆ ಮುಖ್ಯ ಕಾರಣ ಮೊಗಲ್, ಅಂದರೆ ಸಾಲುಸಾಲು ಉಬ್ಬು. ಊರ ಕಡೆಯ ಮಣ್ಣು ರಸ್ತೆಯಲ್ಲಿ ಬಸ್ಸು ಓಡಾಡಿ ಅಡ್ಡಡ್ಡ ಅಲೆ ಏಳುವುದನ್ನು ನೀವೆಲ್ಲ ಕಂಡಿದ್ದೀರಿ. ಇಲ್ಲಿ ಆಗುವುದೂ ಅದೇ, ಅಲೆ ಮಾತ್ರ ದೊಡ್ಡದು. ಸಡಿಲ ನೆಲದ ಮೇಲೆ ಒಂದು ಮಿತಿಗಿಂತ ವೇಗವಾಗಿ ಹೋದರೆ ಸಣ್ಣ ಏರುಪೇರೂ ಬೆಳೆಯುತ್ತದೆ. ಮೊದಲ ಗಾಡಿ ಒಂದು ಸಣ್ಣ ಉಬ್ಬಿನ ಮೇಲೆ ಎಗರಿ ಆಚೆ ಬೀಳುತ್ತದೆ, ಬಿದ್ದ ಜಾಗ ಅದುಮುತ್ತದೆ. ಸವಾರ ಗ್ಯಾಸ್ ಕೊಟ್ಟಾಗ ಟ್ರ್ಯಾಕಿನ (ಗಾಡಿಯ ಅಡಿಯಲ್ಲಿ ಸುತ್ತುವ ರಬ್ಬರ್ ಪಟ್ಟಿಯ) ಹಲ್ಲು ಅಲ್ಲಿಂದಲೇ ಹಿಮ ಕೆದರಿ ಹಿಂದಕ್ಕೆ ಎಸೆಯುತ್ತದೆ. ಮುಂದಿನ ಗಾಡಿಗೆ ಗುಂಡಿ ಇನ್ನಷ್ಟು ಆಳ. ನೂರು ಗಾಡಿ ಹೋಗುವಷ್ಟರಲ್ಲಿ ಒಂದು ಗಾಡಿಯುದ್ದದ ಅಂತರದಲ್ಲಿ ಮೊಣಕಾಲೆತ್ತರದ ಸಾಲು ಎದ್ದಿರುತ್ತದೆ.

ಉಬ್ಬು ಎಲ್ಲೆಲ್ಲೂ ಒಂದೇ ಸಮ ಏಳುವುದಿಲ್ಲ. ನಿಲುಗಡೆ ಫಲಕದ ಮುಂಚೆ, ರಸ್ತೆ ದಾಟಿದ ಆಚೆ, ತಿರುವಿಗೆ ಮೊದಲು ಬ್ರೇಕ್ ಹಿಡಿಯುವಲ್ಲಿ, ತಿರುವಿನಿಂದ ಹೊರಬರುತ್ತ ಗ್ಯಾಸ್ ಕೊಡುವಲ್ಲಿ, ಊಟದ ಹೋಟೆಲುಗಳ ಎರಡು ಕಡೆಯ ಒಂದೊಂದು ಮೈಲಿ. ಆಳ ಹಿಮಕ್ಕೆಂದೇ ಮಾಡಿದ ಗಾಡಿಗಳ ಟ್ರ್ಯಾಕಿನ ಹಲ್ಲು ಎರಡೂವರೆ ಮೂರು ಅಂಗುಲ ಉದ್ದ. ಹಾದಿಗೆ ಒಂದೂಕಾಲು ಒಂದೂವರೆ ಅಂಗುಲದ ಹಲ್ಲು ಸಾಕು. ಉದ್ದ ಹಲ್ಲಿನ ಗಾಡಿಯಲ್ಲಿ ನಿಂತಲ್ಲಿಂದ ಒಮ್ಮೆಲೇ ಗ್ಯಾಸ್ ಒತ್ತಿದರೆ ರಾತ್ರಿಯಿಡೀ ಕೂರಿಸಿದ್ದ ಮೇಲ್ಪದರ ಒಂದೇ ಏಟಿಗೆ ಕಿತ್ತುಬರುತ್ತದೆ. ಹಾದಿ ಕೆಟ್ಟಿದೆ ಎಂದು ಗೊಣಗುವವರಲ್ಲಿ ಇಂಥ ಗಾಡಿಯವರೂ ಕಡಿಮೆಯಿಲ್ಲ.

ಕತ್ತರಿಸು, ಪುಡಿ ಮಾಡು, ಒತ್ತು, ಬಿಡು

ಗ್ರೂಮರ್ ಅಂದರೆ ಎರಡು ಭಾಗ. ಮುಂದೆ ಎಳೆಯುವ ಯಂತ್ರ: ಹಿಮಕ್ಕೆಂದೇ ಮಾಡಿದ ಅಗಲ ಪಟ್ಟಿಯ ವಾಹನ ಇರಬಹುದು, ಚಕ್ರದ ಬದಲು ಪಟ್ಟಿ ಕಟ್ಟಿದ ಹೊಲದ ಟ್ರ್ಯಾಕ್ಟರ್ ಇರಬಹುದು. ಹಿಂದೆ ಡ್ರ್ಯಾಗ್: ಎಂಟೊಂಬತ್ತು ಅಡಿ ಅಗಲ, ಇಪ್ಪತ್ತು ಅಡಿಗೂ ಉದ್ದದ ಉಕ್ಕಿನ ಚೌಕಟ್ಟು, ಅದರೊಳಗೆ ಸಾಲಾಗಿ ಓರೆಯಾಗಿ ಕೂರಿಸಿದ ಅಲಗುಗಳು, ಕಟ್ಟಕಡೆಯಲ್ಲಿ ಹಿಮ ಒತ್ತುವ ಅಗಲವಾದ ಪ್ಯಾನ್. ಕೆಲಸ ಮಾಡುವುದು ಡ್ರ್ಯಾಗ್. ಟ್ರ್ಯಾಕ್ಟರ್ ಎಳೆಯುತ್ತದೆ ಅಷ್ಟೇ.

ಉದ್ದ ಯಾಕೆ ಬೇಕು? ಗಿಡ್ಡ ಡ್ರ್ಯಾಗ್ ಉಬ್ಬು ಹತ್ತಿ ತಗ್ಗಿಗೆ ಇಳಿಯುತ್ತದೆ, ಅಲಗೂ ಅದರ ಜೊತೆಗೇ ಏರಿಳಿಯುತ್ತದೆ, ಅಲೆಯ ಆಕಾರ ಹಾಗೇ ಉಳಿಯುತ್ತದೆ. ಉದ್ದದ್ದು ಎರಡು ಮೂರು ಉಬ್ಬುಗಳ ತಲೆಯ ಮೇಲೆ ಒಟ್ಟಿಗೆ ಕೂತು ಸಮತಟ್ಟಾಗಿ ಸವರುತ್ತದೆ. ಸ್ಕೀ ಇಳಿಜಾರುಗಳಲ್ಲಿ ಬಳಸುವ ತಿರುಗು ಹಲ್ಲಿನ ಟಿಲ್ಲರ್ ಯಂತ್ರಕ್ಕೆ ಅಂಟಿಕೊಂಡಿರುವುದರಿಂದ ಉಬ್ಬಿನ ಹಾದಿಯಲ್ಲಿ ಅದಕ್ಕೂ ಇದೇ ಕಷ್ಟ. ಉದ್ದನೆಯ ಹಾದಿಗೆ ಡ್ರ್ಯಾಗೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಕತ್ತರಿಸುವ ಆಳ ಎಲ್ಲಕ್ಕಿಂತ ಮುಖ್ಯ. ಅಲಗು ತಗ್ಗಿನ ತಳದವರೆಗೆ ಇಳಿಯಬೇಕು. ಉಬ್ಬಿನ ತಲೆ ಮಾತ್ರ ಸವರಿ ತಗ್ಗಿಗೆ ಪುಡಿ ಹಿಮ ತುಂಬಿದರೆ ಬೆಳಿಗ್ಗೆ ನೋಡಲು ಹಾದಿ ಸೊಗಸಾಗಿರುತ್ತದೆ, ಹತ್ತು ಗಂಟೆಯ ಹೊತ್ತಿಗೆ ತುಂಬಿಸಿದ ಪುಡಿಯೆಲ್ಲ ಹಾರಿಹೋಗಿ ಹಳೆಯ ಉಬ್ಬು ಅದೇ ಜಾಗದಲ್ಲಿ ಎದ್ದು ಕೂತಿರುತ್ತದೆ. ಉಬ್ಬಿನ ಬುಡ ಹಲವು ದಿನಗಳಿಂದ ಗಟ್ಟಿಯಾಗಿದೆ, ನಡುವೆ ತುಂಬಿದ್ದು ಇನ್ನೂ ಮೆದು. ಮೆದುವಾದದ್ದು ಮೊದಲು ಹೋಗುತ್ತದೆ. ಹಾಗಂತ ಅಲಗನ್ನು ಒಂದೇ ಸಲ ಆಳಕ್ಕಿಳಿಸಿದರೆ ತಳದ ಮಣ್ಣು ಕಿತ್ತು ಹಿಮಕ್ಕೆ ಬೆರೆಯುತ್ತದೆ. ಕಪ್ಪು ಹಿಮ ಬಿಸಿಲು ಹೀರಿ ಬೇಗ ಕರಗುತ್ತದೆ. ಅದಕ್ಕೇ ಅಲಗುಗಳನ್ನು ಮುಂದಿನಿಂದ ಹಿಂದಕ್ಕೆ ಸ್ವಲ್ಪ ಸ್ವಲ್ಪವೇ ಕೆಳಗಿಟ್ಟಿರುತ್ತಾರೆ, ಪ್ರತಿಯೊಂದೂ ಒಂದಿಷ್ಟು ಸವರುತ್ತದೆ. ಉಬ್ಬು ವಿಪರೀತ ಇದ್ದರೆ ಒಂದೇ ರಾತ್ರಿಯಲ್ಲಿ ಎರಡು ಸುತ್ತು ಬೇಕು.

ಚಾಲಕನ ಕಣ್ಣು ಇರಬೇಕಾದದ್ದು ಹಿಂದೆ, ಡ್ರ್ಯಾಗಿನ ಹೊಟ್ಟೆಯೊಳಗೆ. ಕತ್ತರಿಸಿದ ಹಿಮ ಓರೆ ಅಲಗುಗಳ ನಡುವೆ ಎಡಕ್ಕೂ ಬಲಕ್ಕೂ ಹೊರಳುತ್ತ ಮೂರರಲ್ಲಿ ಎರಡು ಪಾಲು ತುಂಬಿರಬೇಕು. ಮುಂದಿನ ಅಲಗಿನಲ್ಲಿ ಮುಷ್ಟಿಯಷ್ಟು ದೊಡ್ಡ ಹೆಂಟೆಗಳು ಏಳುತ್ತವೆ, ಕೊನೆಯ ಅಲಗು ಮುಟ್ಟುವಷ್ಟರಲ್ಲಿ ಅವು ಒಡೆದು ಸಣ್ಣ ದೊಡ್ಡ ಕಾಳು ಬೆರೆತ ಪುಡಿಯಾಗಿರಬೇಕು. ಕಾಳಿನ ಗಾತ್ರ ಬೇರೆ ಬೇರೆ ಇದ್ದಷ್ಟೂ ದೊಡ್ಡದರ ಸಂದಿಗೆ ಚಿಕ್ಕದು ಕೂತು ಬಿಗಿಯಾಗುತ್ತದೆ. ಹೆಂಟೆ ಹಾಗೇ ಪ್ಯಾನಿನ ಕೆಳಗೆ ಹೋದರೆ ಪ್ಯಾನ್ ಅದರ ಮೇಲೆ ಎತ್ತಿಕೊಂಡು ಸುತ್ತಲಿನದನ್ನು ಒತ್ತುವುದೇ ಇಲ್ಲ. ಮಾರನೆ ದಿನ ಆ ಹೆಂಟೆ ಕಿತ್ತುಬಂದು ಗುಳಿ ಉಳಿಯುತ್ತದೆ. ಡ್ರ್ಯಾಗ್ ಖಾಲಿ ಓಡುತ್ತಿದ್ದರೆ ತಗ್ಗಿಗೆ ತುಂಬಲು ಸರಕಿಲ್ಲ ಎಂದರ್ಥ. ಆಗ ಹಾದಿಯಂಚಿಗೆ ಗಾಡಿಗಳು ಎಸೆದಿರುವ ಹಿಮವನ್ನು ಮುಂದಿನ ಬ್ಲೇಡಿನಿಂದ ಒಳಕ್ಕೆ ಎಳೆದುಕೊಳ್ಳಬೇಕು. ಇದನ್ನು ಮಾಡದ ಹಾದಿ ವಾರ ಕಳೆದಂತೆ ನಡುವೆ ತಗ್ಗಾಗಿ ಚರಂಡಿಯ ಆಕಾರಕ್ಕೆ ಬರುತ್ತದೆ, ಮೊದಲ ಮಳೆಗೆ ನೀರು ಅಲ್ಲೇ ನಿಲ್ಲುತ್ತದೆ.

ವೇಗ ಗಂಟೆಗೆ ಐದರಿಂದ ಏಳು ಮೈಲಿ. ಹತ್ತಕ್ಕೆ ಏರಿಸಿದರೆ ಡ್ರ್ಯಾಗ್ ಕುಪ್ಪಳಿಸುತ್ತದೆ, ಹಿಮ ಹೊರಳುವ ಬದಲು ಹಾರುತ್ತದೆ, ಪ್ಯಾನಿನ ಒತ್ತಡ ಸಾಲದು. ಆರು ಮೈಲಿಯ ವೇಗದಲ್ಲಿ ನಲವತ್ತು ಮೈಲಿ ಮುಗಿಸಲು ಏಳು ಗಂಟೆ ಬೇಕು, ವಾಪಸು ಬರುವುದು ಬೇರೆ. ಶನಿವಾರ ಮಧ್ಯಾಹ್ನ ಕೆಟ್ಟ ಹಾದಿಯನ್ನು ಶನಿವಾರವೇ ಯಾಕೆ ಸರಿಮಾಡುವುದಿಲ್ಲ ಎನ್ನುವವರು ಈ ಲೆಕ್ಕ ಹಾಕಿ ನೋಡಬೇಕು.

ಇನ್ನು "ಬಿಡು" ಅನ್ನುವ ಹಂತ. ಚಾಲಕರು ಇದಕ್ಕೆ ಕಾಂಕ್ರೀಟಿನ ಹಾಗೆಯೇ ಸೆಟ್ ಆಗುವುದು ಅನ್ನುತ್ತಾರೆ. ಪುಡಿಯಾದ ಹಿಮದ ಕಾಳುಗಳು ಒಂದಕ್ಕೊಂದು ತಾಗಿದ ಕಡೆ ತೇವದ ಆವಿ ಸೇರಿ ಮಂಜಿನ ಬೆಸುಗೆ ಬೆಳೆಯುತ್ತದೆ. ಕಲಕಿದಾಗ ಕೆಳಗಿನ ಬೆಚ್ಚನೆಯ ಹಿಮ, ಮೇಲಿನ ತಣ್ಣನೆಯ ಹಿಮ ಬೆರೆಯುವುದರಿಂದ ಈ ಬೆಸುಗೆ ಚುರುಕಾಗುತ್ತದೆ. ಕನಿಷ್ಠ ಎರಡು ಗಂಟೆ ಬೇಕು, ಆರು ಗಂಟೆ ಸಿಕ್ಕರೆ ಹಾದಿ ಮರುದಿನ ಸಂಜೆಯವರೆಗೂ ತಾಳುತ್ತದೆ. ಚಳಿ ಮೈನಸ್ 15ರಿಂದ ಮೈನಸ್ 5 ಡಿಗ್ರಿಯ ಆಸುಪಾಸಿನಲ್ಲಿದ್ದು ಇಳಿಮುಖವಾಗಿದ್ದರೆ ಉತ್ತಮ. ಸೂರ್ಯ ಮುಳುಗಿದ ಮೇಲೆ ಹೊರಡುವುದು ಅದಕ್ಕೇ. ಮೈನಸ್ 20ರ ಕೆಳಗೆ ಹಿಮ ಒಣಗಿ ಮರಳಾಗುತ್ತದೆ, ಬೆಸುಗೆ ನಿಧಾನ. ಸೊನ್ನೆಯ ಮೇಲೆ ಹೋದರೆ ಒದ್ದೆ ಹಿಮ ಪ್ಯಾನಿಗೆ ಅಂಟಿ ಮೇಲ್ಪದರವನ್ನೇ ಎತ್ತಿಕೊಂಡು ಬರುತ್ತದೆ. ಆಗ ಯಂತ್ರವನ್ನು ಶೆಡ್ಡಿನಲ್ಲಿ ನಿಲ್ಲಿಸುವುದೇ ಜಾಣತನ.

ಮಾರ್ಚಿನ ಆಟ ಬೇರೆಯೇ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ದಿನಗಳಲ್ಲಿ ಸಂಜೆ ಬೇಗ ಹೊರಟರೆ ಹಿಮ ರೊಚ್ಚೆ, ತಡವಾದರೆ ಕಲ್ಲು. ಮೇಲ್ಪದರ ಬಿಗಿಯುತ್ತಿದ್ದು ಒಳಗಿನ್ನೂ ಅಲಗು ಇಳಿಯುವ ಒಂದೆರಡು ಗಂಟೆಯನ್ನು ಹಿಡಿಯಬೇಕು. ದಕ್ಷಿಣಕ್ಕೆ ತೆರೆದ ಜಾಗಗಳು ಮೊದಲು ಬರಿದಾಗುತ್ತವೆ. ಕಾಡಿನ ನೆರಳಿನಲ್ಲಿ ಎರಡಡಿ ಇದ್ದರೂ ಬಯಲಿನ ನೂರು ಅಡಿಗಾಗಿ ಇಡೀ ಹಾದಿ ನಿಂತುಹೋಗುತ್ತದೆ.

ವರದಿ ಓದುವವರಿಗೆ ಒಂದು ಮಾತು. "ಉತ್ತಮ", "ಸಾಧಾರಣ" ಎಂಬ ಪದಗಳನ್ನು ಪಕ್ಕಕ್ಕಿಡಿ. ವರದಿ ಎಷ್ಟು ಗಂಟೆಗೆ ಬರೆದದ್ದು, ಯಾವ ತುಂಡಿನ ಮೇಲೆ ರಾತ್ರಿ ಗ್ರೂಮರ್ ಹೋಗಿತ್ತು, ಆ ರಾತ್ರಿಯ ಚಳಿ ಎಷ್ಟು, ತಳಪಾಯ ಎಷ್ಟು ಅಂಗುಲ, ಇಷ್ಟು ನೋಡಿ. ವಾರದ ನಡುವೆ ಬೆಳಿಗ್ಗೆ ಎಂಟಕ್ಕೆ ಹೊರಡುವವನಿಗೆ ಸಿಗುವ ಹಾದಿಯೇ ಬೇರೆ, ಶನಿವಾರ ಮಧ್ಯಾಹ್ನ ಮೂರಕ್ಕೆ ಹೊರಡುವವನಿಗೆ ಸಿಗುವ ಹಾದಿಯೇ ಬೇರೆ.

ಪ್ರಶ್ನೆಗಳು

ಗ್ರೂಮರ್ ಎದುರಾದರೆ ಏನು ಮಾಡಬೇಕು?

ವೇಗ ಇಳಿಸಿ ಬಲಕ್ಕೆ ಸರಿದು ನಿಲ್ಲಿ. ಆ ಯಂತ್ರ ಹಾದಿಯ ಪೂರ್ತಿ ಅಗಲ ಹಿಡಿದಿರುತ್ತದೆ, ಅದು ಥಟ್ಟನೆ ಬದಿಗೆ ಸರಿಯಲಾರದು. ಮುಂದೆ ಹೋಗುತ್ತಿರುವುದನ್ನು ಹಿಂದಿನಿಂದ ಹಿಡಿದಿದ್ದರೆ ಚಾಲಕ ನಿಮ್ಮನ್ನು ಕಂಡು ಕೈ ತೋರಿಸುವವರೆಗೆ ದಾಟಬೇಡಿ. ಅದರ ಸುತ್ತ ಏಳುವ ಹಿಮದ ಧೂಳಿನಲ್ಲಿ ಹಿಂದಿನಿಂದ ಬರುವವರಿಗೆ ದೀಪವೂ ಕಾಣುವುದಿಲ್ಲ. ಹೊಸ ಹಾದಿಯ ಆಸೆಗೆ ಅದರ ಬೆನ್ನಿಗೇ ಹೋಗುವವರು ಇನ್ನೂ ಸೆಟ್ ಆಗದ್ದನ್ನು ಕೆದರುತ್ತಾರೆ.

ಗಟ್ಟಿಯಾದ ಹಾದಿಯಲ್ಲಿ ಎಂಜಿನ್ ಬಿಸಿಯಾಗುತ್ತದೆ, ಯಾಕೆ?

ನೀರಿನಿಂದ ತಣಿಯುವ ಗಾಡಿಗಳಲ್ಲಿ ಕೂಲಂಟಿನ ಶಾಖ ಹೊರಹಾಕುವ ಕೊಳವೆಗಳು ಟ್ರ್ಯಾಕಿನ ಮೇಲ್ಭಾಗದಲ್ಲಿರುತ್ತವೆ. ಟ್ರ್ಯಾಕ್ ಎಸೆಯುವ ಪುಡಿ ಹಿಮವೇ ಅವನ್ನು ತಣಿಸಬೇಕು. ಹಾದಿ ಗಾಜಿನಷ್ಟು ಗಟ್ಟಿಯಾದರೆ ಪುಡಿ ಇಲ್ಲ. ಟ್ರ್ಯಾಕ್ ಜಾರುವ ಹೈಫ್ಯಾಕ್ಸ್ ಪಟ್ಟಿಗೂ ಅದೇ ಹಿಮ ಬೇಕು, ಇಲ್ಲದಿದ್ದರೆ ಅದು ಕರಗಿ ಸವೆಯುತ್ತದೆ. ಟ್ರ್ಯಾಕಿನೊಳಗಿನ ಹಳಿಗೆ ಸ್ಕ್ರ್ಯಾಚರ್, ಅಂದರೆ ಹಾದಿ ಕೆರೆದು ಹಿಮದ ಪುಡಿ ಎಬ್ಬಿಸುವ ಕಡ್ಡಿ, ಹಾಕಿಸಿ, ಗಟ್ಟಿ ಹಾದಿಯಲ್ಲಿ ಕೆಳಕ್ಕಿಳಿಸಿ; ಹಿಂದಕ್ಕೆ ಹೋಗುವ ಮೊದಲು, ಅದು ಹಿಮ್ಮುಖಕ್ಕೆ ಒಗ್ಗುವ ಬಗೆಯದ್ದಲ್ಲದಿದ್ದರೆ, ಎತ್ತಿಡಿ. ಬಿಸಿ ಸೂಚಿಸುವ ದೀಪ ಹತ್ತಿದರೆ ಹಾದಿಯಂಚಿನ ಮೆದು ಹಿಮದಲ್ಲಿ ಸ್ವಲ್ಪ ದೂರ ಹೋದರೆ ಇಳಿಯುತ್ತದೆ.

ಕೆರೆಯ ಮಂಜುಗಡ್ಡೆ ಮೇಲೆ ಅಡ್ಡದಾರಿ ಹಿಡಿಯಬಹುದೇ?

ಒಂದು ಸ್ನೋಮೊಬೈಲಿಗೆ ಹೊಸ, ಪಾರದರ್ಶಕ ಗಡ್ಡೆ ಐದರಿಂದ ಏಳು ಅಂಗುಲ ಬೇಕು. ಬಿಳಿ ಗಡ್ಡೆಗೆ ಅರ್ಧ ಬಲ, ಆದ್ದರಿಂದ ಅದರ ಎರಡರಷ್ಟು. ಹಳ್ಳ ಸೇರುವ ಕಡೆ, ಹೊರಡುವ ಕಡೆ, ಸೇತುವೆಯ ಕೆಳಗೆ ಯಾವಾಗಲೂ ತೆಳು. ಸುಪೀರಿಯರ್‌ನ ಕೊಲ್ಲಿಗಳಲ್ಲಿ ಗಾಳಿ ತಿರುಗಿದರೆ ಗಡ್ಡೆಯೇ ದಡ ಬಿಟ್ಟು ತೇಲಿಹೋಗುತ್ತದೆ, ಅಲ್ಲಿಗೆ ಹೋಗಲೇಬೇಡಿ. ಒಳನಾಡಿನ ಕೆರೆಗಳಲ್ಲಿ ಗಡ್ಡೆ ಸಾಕಷ್ಟು ದಪ್ಪ ಇದ್ದರೂ ಇನ್ನೊಂದು ತೊಂದರೆ ಇದೆ: ಮೇಲಿನ ಹಿಮದ ಭಾರಕ್ಕೆ ಗಡ್ಡೆ ಕುಗ್ಗಿ ಬಿರುಕಿನಿಂದ ನೀರು ಮೇಲೆ ಬರುತ್ತದೆ, ಹಿಮ ಅದನ್ನು ಮುಚ್ಚಿ ಹೆಪ್ಪುಗಟ್ಟದಂತೆ ಇಡುತ್ತದೆ. ಹೊರಗಿನಿಂದ ಏನೂ ಗೊತ್ತಾಗದು. ಗಾಡಿ ಭಾರವಾಗಿ ಎಳೆದಂತೆನಿಸಿದರೆ, ಹಿಂದೆ ಬೂದು ಬಣ್ಣದ ಜಾಡು ಕಂಡರೆ ನಿಲ್ಲಿಸಬೇಡಿ. ಒಂದೇ ಸಮ ಗ್ಯಾಸ್ ಹಿಡಿದು ದಡಕ್ಕೆ ಬನ್ನಿ. ದಡ ಸೇರಿದ ಕೂಡಲೇ ಹಿಂಭಾಗವನ್ನು ಎತ್ತಿ ಟ್ರ್ಯಾಕ್ ತಿರುಗಿಸಿ ರೊಚ್ಚೆಯನ್ನೆಲ್ಲ ಕೊಡವಿ, ಹಿಂದೆ ಯಾರೂ ನಿಂತಿಲ್ಲ ಎಂದು ನೋಡಿಕೊಂಡು. ಮೈನಸ್ 15ರಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಚಕ್ರ, ಹಳಿ, ಟ್ರ್ಯಾಕ್ ಒಂದೇ ಗಡ್ಡೆಯಾಗಿರುತ್ತದೆ, ಆಗ ಗ್ಯಾಸ್ ಕೊಟ್ಟರೆ ಮೊದಲು ಹರಿಯುವುದು ಎಂಜಿನ್ನಿನ ಬಲವನ್ನು ಟ್ರ್ಯಾಕಿನ ಕಡೆಗೆ ಒಯ್ಯುವ ಬೆಲ್ಟು.